ಪ್ರಧಾನಿಗೆ ಬೈಗುಳ, ತಹಶೀಲ್ದಾರರ ಮೂಲಕ

ಇಪ್ಪತ್ತು ವರ್ಷ ನಾನು ಈ ದೇಶದ ಪ್ರಧಾನಮಂತ್ರಿಗಳ ಪರವಾಗಿ ಬೈಗುಳ ಸ್ವೀಕರಿಸಿದ್ದೇನೆ. ದುಂಡು ಸೀಲು ಹೊಡೆದು, ತಾರೀಕು ಬರೆದು, ಸಣ್ಣ ಸಹಿ ಹಾಕಿ ಸ್ವೀಕರಿಸಿದ್ದೇನೆ. ಯಾರೋ ಒಬ್ಬರ ಪರವಾಗಿ ಎಂದುಕೊಳ್ಳಬೇಡಿ. ಆ ಕುರ್ಚಿಗೆ ಯಾರು ಬಂದರೂ ಅವರ ಪಾಲಿನ ಉಗುಳು ನನ್ನ ಮೇಜಿನ ಮೇಲೇ ಬೀಳುತ್ತಿತ್ತು. ಹೀಗೊಬ್ಬ ದೇವಾಡಿಗ ಕರಾವಳಿಯ ಮೂಲೆಯಲ್ಲಿ ಕೂತು ತಮ್ಮ ಪಾಲಿನದ್ದನ್ನು ಒರೆಸಿಕೊಳ್ಳುತ್ತಿದ್ದಾನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅಣ್ಣನ ಮಗಳಿಗೆ ಈಚೆಗೆ ಕಂದಾಯ ಇಲಾಖೆಯಲ್ಲಿ ಕೆಲಸವಾಯಿತು. ಟಪಾಲು ವಿಭಾಗಕ್ಕೆ ಹಾಕಿದ್ದಾರಂತೆ. ಮನೆಗೆ ಬಂದವಳು, "ಚಿಕ್ಕಪ್ಪಯ್ಯ, ಅಲ್ಲ್ ಎಂತ ಕೆಲ್ಸ ಇರತ್ತ್? ಕಾಗ್ದ ತಕಂಬುದ್, ಕಾಗ್ದ ಕಳ್ಸುದ್, ಅಷ್ಟೇ ಅಲ್ದಾ?" ಎಂದು ಕೇಳಿದಳು. ಅಷ್ಟೇ ಮಗಾ ಎಂದೆ. ಆಮೇಲೆ ರಾತ್ರಿಯೂಟ ಸೇರಲಿಲ್ಲ. ಅವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೇರಿದ್ದು 1997ರಲ್ಲಿ, ಉಡುಪಿ ಬೇರೆ ಜಿಲ್ಲೆಯಾದ ವರ್ಷ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ಈ ಮೂರು ಊರುಗಳ ನಡುವೆಯೇ ನನ್ನನ್ನು ಚೆಂಡಿನ ಹಾಗೆ ಒದೆಯುತ್ತಿದ್ದರು. ಕುಂಭಾಶಿಯ ಮನೆಯಿಂದ ಎಲ್ಲಿಗಾದರೂ ಬಸ್ಸಿನಲ್ಲೇ ಹೋಗಿ ಬರಬಹುದಿತ್ತಾದ್ದರಿಂದ ನಾನೂ ಒದೆಸಿಕೊಂಡೆ. ಮುಂದೆ ಹೇಳುವ ಕತೆ ಯಾವ ಕಚೇರಿಯದ್ದೆಂದು ಮಾತ್ರ ಕೇಳಬೇಡಿ. ಪಿಂಚಣಿ ತಿನ್ನುವವನಿಗೆ ಅಷ್ಟಾದರೂ ಬುದ್ಧಿ ಬೇಕು.

ಮೊದಲು ಪ್ರಧಾನಿಗೆ ಬೈಯುವ ಪದ್ಧತಿ ಹೇಗೆಂದು ಹೇಳಿಬಿಡುತ್ತೇನೆ. ಪ್ರಧಾನಿ ದೆಹಲಿಯಲ್ಲಿದ್ದಾರೆ. ಅಲ್ಲಿಗೆ ಹೋಗಿ ಬೈಯಲು ರೈಲು ಹತ್ತಬೇಕು, ಎರಡು ಹಗಲು ಎರಡು ರಾತ್ರಿ ಕೂರಬೇಕು. ಅದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ತಾಲೂಕು ಕಚೇರಿಯ ಮೆಟ್ಟಿಲೇ ದೆಹಲಿ. ಬೆಳಿಗ್ಗೆ ಹನ್ನೊಂದಕ್ಕೆ, ಹೋಟೆಲಿನಲ್ಲಿ ಬನ್ಸು ತಿಂದು ಚಾ ಕುಡಿದು ಮುಗಿದ ಮೇಲೆ ಮೆರವಣಿಗೆ ಬರುತ್ತದೆ. ಬಂದವರು ಮೊದಲು ಹುಡುಕುವುದು ತಹಶೀಲ್ದಾರರನ್ನಲ್ಲ, ಫೋಟೋ ತೆಗೆಯುವವನನ್ನು. ಅವನು ಬರುವತನಕ ಸಿಟ್ಟು ಶುರುವಾಗುವುದಿಲ್ಲ. ಬಂದ ಮೇಲೆ ಅರ್ಧ ಗಂಟೆ ಧಿಕ್ಕಾರ ಕೂಗುತ್ತಾರೆ. ತಹಶೀಲ್ದಾರರು ಮೆಟ್ಟಿಲಿಗೆ ಇಳಿದು ಬರುತ್ತಾರೆ, ಮನವಿ ಪತ್ರದ ಒಂದು ತುದಿಯನ್ನು ಅವರು ಹಿಡಿದು ಇನ್ನೊಂದು ತುದಿಯನ್ನು ಹದಿನೈದು ಜನ ಹಿಡಿದು ಫೋಟೋ ಆಗುತ್ತದೆ. ಆಮೇಲೆ ಆ ಕಾಗದ ನನಗೆ ಬರುತ್ತದೆ.

"ಹ್ವಾಯ್ ದೇವಾಡಿಗ್ರೆ, ಸೀಲ್ ಎಲ್ಲಿತ್ತ್? ಬೇಗ ಹಾಕಿ ಮಾರಾಯ್ರೆ, ಪೇಪರಿನೋರ್ ಹೊರ್ಟ್ರ್!"

ಹೀಗೆ ಅವಸರ ಮಾಡುವವರು ಹೆರಿಯಣ್ಣ. ನನ್ನ ಕಾಲದಲ್ಲಿ ದೆಹಲಿಯನ್ನು ಬೈಯುವ ಗುತ್ತಿಗೆ ಹೆಚ್ಚುಕಡಿಮೆ ಇವರದ್ದೇ. ಬಿಳಿ ಅಂಗಿ, ಬಿಳಿ ಪಂಚೆ, ಗಂಟಲು ಮಾತ್ರ ಯಕ್ಷಗಾನದಲ್ಲಿ ಅಬ್ಬರಿಸುವ ಬಣ್ಣದ ವೇಷದ್ದು. ಆಳು ಕೆಟ್ಟವರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕಟ್ಟಿಗೆ ಹೊಂದಿಸುವವರು ಅವರೇ. ಆದರೆ ಪ್ರಧಾನಿಯ ಹೆಸರು ಕಿವಿಗೆ ಬಿತ್ತೋ, ಮೈಮೇಲೆ ಬಂದಂತೆ ಆಡುತ್ತಿದ್ದರು.

ಒಮ್ಮೆ ಆಷಾಢದಲ್ಲಿ ಪ್ರತಿಕೃತಿ ಸುಡಲು ಬಂದರು. ನಮ್ಮ ಕಡೆಯ ಮಳೆ ಯಾರ ಹೋರಾಟವನ್ನೂ ಲೆಕ್ಕಕ್ಕಿಡುವುದಿಲ್ಲ. ಬೈಹುಲ್ಲಿನ ಪ್ರಧಾನಿ ನೆನೆದು ಮುದ್ದೆಯಾಗಿ, ಪ್ಯಾಂಟು ಕಳಚಿ, ಇಬ್ಬರು ಹೊತ್ತರೂ ಏಳಲಾರದಷ್ಟು ಭಾರವಾಗಿದ್ದರು. ಒಂದಿಡೀ ಬೆಂಕಿಪೊಟ್ಟಣ ಖಾಲಿಯಾಯಿತು. ಕಚೇರಿಯ ಜಗಲಿಯೊಳಗೆ ತಂದು ಸುಡುತ್ತೇವೆ ಎಂದರು. ಒಳಗೆ ಊರಿನ ಪಹಣಿಗಳೆಲ್ಲ ಇವೆ, ಹೊತ್ತಿದರೆ ಮೊದಲು ನಿಮ್ಮ ಜಾಗವೇ ಇಲ್ಲವಾಗುತ್ತದೆ ಎಂದೆ. ಹೆರಿಯಣ್ಣ ಒಂದು ಗಳಿಗೆ ಯೋಚಿಸಿ, "ಹಾಂಗಾರೆ ಸುಟ್ಟದ್ದ್ ಅಂದೇಳಿ ಲೆಕ್ಕ ಮಾಡ್ಕಣಿ" ಎಂದರು. ಮರುದಿನ ಪತ್ರಿಕೆಯಲ್ಲಿ ಪ್ರತಿಕೃತಿ ದಹನ ಎಂದೇ ಬಂತು. ದಹನವಾಗಬೇಕಾದವರು ನಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ವಾರ ಬಿದ್ದುಕೊಂಡಿದ್ದು, ಕೊನೆಗೆ ಯಾರದೋ ದನ ಬಂದು ಎಳೆದು ತಿಂದಿತು.

ಇನ್ನೊಂದು ಬಣದವರು ವಿಠಲಣ್ಣ. ಹೆರಿಯಣ್ಣ ಬೈದ ಪ್ರಧಾನಿಯನ್ನು ಹೊಗಳುವುದು ಇವರ ಕೆಲಸ. ದೆಹಲಿಯಲ್ಲಿ ಸರ್ಕಾರ ಬದಲಾದ ಮರುದಿನ ಇಬ್ಬರೂ ಜಾಗ ಬದಲಿಸಿಕೊಂಡರು. ಮೆಟ್ಟಿಲು ಅದೇ, ಮೈಕಿನವ ಅದೇ, ಧಿಕ್ಕಾರವೂ ಅದೇ. ನಿನ್ನೆಯವರೆಗೆ ದೇಶ ಮಾರಾಟವಾಗಿದೆ ಎಂದು ಎದೆ ಬಡಿದುಕೊಂಡ ಹೆರಿಯಣ್ಣ ಪಟಾಕಿ ಹೊಡೆದರು. ಪಟಾಕಿ ಹೊಡೆಯುತ್ತಿದ್ದ ವಿಠಲಣ್ಣನಿಗೆ ದೇಶ ಮಾರಾಟವಾದದ್ದು ಒಂದೇ ರಾತ್ರಿಯಲ್ಲಿ ಕಾಣಿಸಿತು. ಚುನಾವಣೆಗೆ ಮೊದಲು ಇಬ್ಬರೂ ಆನೆಗುಡ್ಡೆಗೆ ಬಂದು ಗಣಹೋಮದ ಹರಕೆ ಹೇಳಿಕೊಂಡಿದ್ದರು, ಒಬ್ಬರು ಪ್ರಧಾನಿ ಬೀಳಲಿ ಎಂದು, ಇನ್ನೊಬ್ಬರು ಏಳಲಿ ಎಂದು. ನಮ್ಮೂರಿನ ಗಣಪತಿಯೂ ನನ್ನ ಹಾಗೆ ಟಪಾಲು ವಿಭಾಗದವನೇ ಇರಬೇಕು, ಎರಡನ್ನೂ ಒಪ್ಪಿಸಿಕೊಂಡ.

ಇಬ್ಬರ ಮನವಿಯನ್ನೂ ಟೈಪು ಮಾಡುವ ಅಂಗಡಿ ಒಂದೇ ಆಗಿತ್ತು. ಕಂಪ್ಯೂಟರು ಬಂದ ಹೊಸತು. ಹಳೆಯ ಕಾಗದ ತೆಗೆದು ಹೆಸರು ಬದಲಿಸಿ ಮುದ್ರಿಸುವುದು ಸುಲಭ. ಒಮ್ಮೆ ಹೆರಿಯಣ್ಣ ಹೊಸ ಪ್ರಧಾನಿಗೆ ಅಭಿನಂದನಾ ಪತ್ರ ತಂದರು. ಮೇಲೆ ಹೂವು ಬಳ್ಳಿ, ಮೊದಲ ಸಾಲಿನಲ್ಲಿ "ಯುಗಪುರುಷ". ಐದನೇ ಪ್ಯಾರಾದಲ್ಲಿ, ನೈತಿಕ ಹೊಣೆ ಹೊತ್ತು ತಕ್ಷಣ ರಾಜೀನಾಮೆ ಕೊಡಬೇಕು ಎಂಬುದು ಹಾಗೆಯೇ ಉಳಿದುಹೋಗಿತ್ತು. ನಾನು ನೋಡಿದೆ. ನೋಡಿಯೂ ಸೀಲು ಹೊಡೆದೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಹೆರಿಯಣ್ಣ ಹಾಜರು.

"ದೇವಾಡಿಗ್ರೆ, ಆ ಕಾಗ್ದ ಹೋಯ್ತಾ?"

"ಇಲ್ಲ, ಇಲ್ಲೇ ಇತ್ತ್."

"ಬದ್ಕಿದೆ ಮಾರಾಯ್ರೆ! ಹರ್ದ್ ಬಿಸಾಡಿ ಅದನ್ನ್."

ಹರಿಯಲು ಬರುವುದಿಲ್ಲ, ಆವಕ ಪುಸ್ತಕದಲ್ಲಿ ನಂಬರು ಬಿದ್ದಿದೆ ಎಂದೆ. ಅವರ ಮುಖ ನೋಡಲಾಗಲಿಲ್ಲ. ಕೊನೆಗೆ ಐದನೇ ಪ್ಯಾರಾ ಇದ್ದ ಹಾಳೆಯನ್ನು ಬದಲಿಸಲು ಬಿಟ್ಟೆ. ನಿಯಮಕ್ಕೆ ವಿರುದ್ಧ, ಹೌದು. ಆದರೆ ಯಾರೂ ಓದದ ಕಾಗದದಲ್ಲಿ ಯಾವ ಹಾಳೆ ಇದ್ದರೇನು? ಸ್ವಲ್ಪ ನಗಾಡಿ ಮರೆತುಬಿಟ್ಟೆ.

ಯಾರೂ ಓದದ ಕಾಗದ ಎಂಬುದು ನನಗೆ ಗುರುಗಳಿಂದ ಬಂದ ವಿದ್ಯೆ. ಬಯಲುಸೀಮೆಯಿಂದ ಬಂದ ಒಬ್ಬ ತಹಶೀಲ್ದಾರರಿದ್ದರು. ಚುರುಕಿನವರು, ಲಂಚ ಮುಟ್ಟದವರು, ಆದರೆ ಕಾಗದ ಕಂಡರೆ ಅವರಿಗೆ ವಾಕರಿಕೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಕರೆದು ಹೇಳಿದರು: "ರೀ ದೇವಾಡಿಗ, ಬರೋ ಟಪಾಲಲ್ಲಿ ಎರಡು ಜಾತಿ. ಒಂದು ಬೇಡೋ ಕಾಗದ, ಇನ್ನೊಂದು ಬಯ್ಯೋ ಕಾಗದ. ಬೇಡೋದನ್ನ ನನ್ನ ಹತ್ರ ತನ್ನಿ. ಬಯ್ಯೋದರಲ್ಲಿ ಮೊದಲ್ನೇ ಸಾಲು, ಕೊನೇ ಸಾಲು ನೋಡಿ, ದೇಶದ ವಿಷಯ ಇದ್ರೆ ಓದೋಕೆ ಹೋಗ್ಬೇಡಿ. ರವಾನಿಸಿ."

ಅಂದಿನಿಂದ ನಾನೂ ಹಾಗೆಯೇ ಮಾಡಿದೆ. ಮೊದಲ ಸಾಲಿನಲ್ಲಿ "ಮಾನ್ಯ ಪ್ರಧಾನಮಂತ್ರಿಗಳು, ಭಾರತ ಸರ್ಕಾರ, ನವದೆಹಲಿ, ತಹಶೀಲ್ದಾರರ ಮೂಲಕ". ಕೊನೆಯ ಸಾಲಿನಲ್ಲಿ "ತಪ್ಪಿದಲ್ಲಿ ಉಗ್ರ ಹೋರಾಟ ಅನಿವಾರ್ಯ". ಇವೆರಡರ ನಡುವೆ ಇರುವುದಕ್ಕೂ ನನಗೂ ಸಂಬಂಧವಿಲ್ಲ. "ಮುಂದಿನ ಸೂಕ್ತ ಕ್ರಮಕ್ಕಾಗಿ ರವಾನಿಸಿದೆ" ಎಂದು ಒಂದು ಸಾಲು ಬರೆದು ಜಿಲ್ಲಾ ಕೇಂದ್ರದ ಚೀಲಕ್ಕೆ ಹಾಕಿದರೆ ಅಲ್ಲಿಗೆ ಗೋವಿಂದ. ಮೇಲಿನವರೂ ಅದೇ ಸಾಲು ಬರೆದು ಇನ್ನೂ ಮೇಲಕ್ಕೆ ಹಾಕುತ್ತಿದ್ದರೆಂದು ನನ್ನ ನಂಬಿಕೆ. ಇಡೀ ಸೇವೆಯಲ್ಲಿ ಅಂಥ ಒಂದು ಕಾಗದಕ್ಕೂ ಉತ್ತರ ಬಂದದ್ದನ್ನು ನಾನು ಕಾಣಲಿಲ್ಲ. ಉತ್ತರ ಬೇಕೆಂದು ಯಾರೂ ಬಂದು ಕೇಳಲೂ ಇಲ್ಲ.

ಒಬ್ಬರು ಕೇಳಿದರು. ಅವರ ಕತೆ ಹೇಳಲಿಕ್ಕೇ ಇಷ್ಟು ದೂರ ಬಂದೆ.

ನಮ್ಮ ಕರಾವಳಿಯ ಹೊಳೆಗಳಿಗೆ ಎರಡು ಬುದ್ಧಿ. ಮಳೆಗಾಲದಲ್ಲಿ ಘಟ್ಟದ ನೀರನ್ನು ಸಮುದ್ರಕ್ಕೆ ಒಯ್ಯುತ್ತವೆ, ಮಳೆ ನಿಂತ ಮೇಲೆ ಕಡಲು ಉಕ್ಕುವ ಭರತದ ಹೊತ್ತಿಗೆ ಸಮುದ್ರದ ಉಪ್ಪುನೀರನ್ನು ಗದ್ದೆಗೆ ತರುತ್ತವೆ. ಅದನ್ನು ತಡೆಯಲು ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳಿವೆ. ಮಳೆ ಮುಗಿದೊಡನೆ ಕಿಂಡಿಗಳಿಗೆ ಎರಡು ಸಾಲು ಮರದ ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ಮೆಟ್ಟಬೇಕು. ಮುಂದಿನ ಮಳೆಗೆ ಮೊದಲು ತೆಗೆಯಬೇಕು. ಹಲಗೆ ಹಾಕುವ ಕೆಲಸ ಒಂದು ವಾರ ತಡವಾದರೆ ಹುಣ್ಣಿಮೆಯ ಭರತ ಕಾಯುವುದಿಲ್ಲ. ಒಮ್ಮೆ ಉಪ್ಪು ನುಗ್ಗಿದರೆ ಆ ವರ್ಷ ಗದ್ದೆಯಲ್ಲಿ ನೆಲಗಡಲೆಯೂ ಇಲ್ಲ, ಬಾವಿಯಲ್ಲಿ ಕುಡಿಯುವ ನೀರೂ ಇಲ್ಲ.

ಬಿಜೂರು, ಯಡ್ತರೆಗೆ ಹೋಗುವ ದಾರಿಯಲ್ಲೆಲ್ಲೋ ಅಂಥದ್ದೊಂದು ಅಣೆಕಟ್ಟು ಎಂದಿಟ್ಟುಕೊಳ್ಳಿ. ಆ ವರ್ಷ ಅಲ್ಲಿಯ ಹಲಗೆಗಳನ್ನು ಗೆದ್ದಲು ತಿಂದಿತ್ತು. ಹೊಸ ಹಲಗೆ ಇಂಜಿನಿಯರರ ಗೋದಾಮಿನಿಂದ ಬರಬೇಕು. ಅದಕ್ಕೆ ಬೇಕಾದದ್ದು ತಹಶೀಲ್ದಾರರ ಒಂದು ಚೀಟಿ. ಊರಿನವರು ಅರ್ಧ ಹಾಳೆಯಲ್ಲಿ, "ಹಲಗೆ ಕೊಡಿಸಿ" ಎಂದು ಬರೆದು ತಂದಿದ್ದರೆ ಅದು ಬೇಡುವ ಕಾಗದ. ಸಂಜೆಯೊಳಗೆ ಚೀಟಿ ಹೋಗುತ್ತಿತ್ತು.

ಆದರೆ ನಮ್ಮವರಿಗೆ ಒಂದು ನಂಬಿಕೆ. ಸಣ್ಣ ಬೇಡಿಕೆಯನ್ನು ಸಣ್ಣದಾಗಿ ಕೇಳಿದರೆ ಯಾರೂ ಕೊಡುವುದಿಲ್ಲ, ದೊಡ್ಡ ಸಿಟ್ಟಿನ ಜೊತೆ ಸೇರಿಸಿ ಕಳಿಸಿದರೆ ಅದಕ್ಕೂ ತೂಕ ಬರುತ್ತದೆ ಎಂದು. ಊರಿನವರು ಹೆರಿಯಣ್ಣನನ್ನು ಕಂಡರು. ಅಷ್ಟರಲ್ಲಿ ದೆಹಲಿಯ ಕುರ್ಚಿಯಲ್ಲಿ ಮತ್ತೆ ಅವರಿಗಾಗದವರು ಕೂತಿದ್ದರು. ಮುಂದಿನ ವಾರಕ್ಕೆ ಪ್ರತಿಭಟನೆ ನಿಗದಿಯಾಗಿತ್ತು, ಜನ ಸಾಲದೆ ಚಿಂತೆಯಲ್ಲಿದ್ದರು. "ಒಟ್ಟಿಗೇ ಸೇರ್ಸುವ. ನಿಮ್ದೂ ಆತ್, ದೇಶದ್ದೂ ಆತ್" ಎಂದರಂತೆ. ಒಂದು ಟೆಂಪೋದಲ್ಲಿ ಊರಿನ ಹೆಂಗಸರು ಗಂಡಸರೆಲ್ಲ ಬಂದರು. ಬಿಸಿಲಲ್ಲಿ ನಿಂತು ಧಿಕ್ಕಾರ ಕೂಗಿದರು. ಯಾರಿಗೆ ಧಿಕ್ಕಾರ ಎಂದು ಅವರಲ್ಲಿ ಅರ್ಧ ಜನಕ್ಕೆ ತಿಳಿದಿರಲಿಲ್ಲ, ಉಳಿದರ್ಧ ಜನಕ್ಕೆ ಬೇಕಾಗಿರಲಿಲ್ಲ. ಹಲಗೆ ಬೇಕಿತ್ತು.

ಮನವಿಯಲ್ಲಿ ಒಂಬತ್ತು ಬೇಡಿಕೆಗಳಿದ್ದವು. ಮೊದಲನೆಯದು ಪ್ರಧಾನಿಯ ರಾಜೀನಾಮೆ. ಎರಡನೆಯದು ಡೀಸೆಲ್ಲು. ನಡುವೆ ವಿದೇಶಾಂಗ ನೀತಿ, ಗಡಿ, ಚಿನ್ನದ ಆಮದು, ದೇವರಿಗೇ ಪ್ರೀತಿ. ಒಂಬತ್ತನೆಯದು ಹಲಗೆ. ನಾನು ಮೊದಲ ಸಾಲು ನೋಡಿದೆ, ಕೊನೆಯ ಸಾಲು ನೋಡಿದೆ, ಸೀಲು ಹೊಡೆದೆ, ರವಾನಿಸಿದೆ. ಹಲಗೆಯ ಗೋದಾಮು ನನ್ನ ಕಿಟಕಿಯಿಂದ ಕಾಣುತ್ತಿತ್ತು.

ಕಾರ್ತಿಕದ ಹುಣ್ಣಿಮೆ ಹೋಯಿತು. ಅದರ ಮುಂದಿನದ್ದೂ ಹೋಯಿತು. ಊರಿನವರು ಬಾಳೆದಿಂಡು, ಗೋಣಿಚೀಲ, ತೆಂಗಿನ ಮಡಲು ಹಾಕಿ ಕಿಂಡಿ ಮುಚ್ಚಲು ನೋಡಿದರಂತೆ. ಭರತಕ್ಕೆ ಅದೆಲ್ಲ ಯಾವ ಲೆಕ್ಕ? ಹೆರಿಯಣ್ಣನನ್ನು ಕೇಳಿದಾಗಲೆಲ್ಲ, "ಕಾಗ್ದ ದಿಲ್ಲಿಗ್ ಹೋಯ್ತ್. ಅವ್ನಿಗ್ ನಮ್ ಕರಾವಳಿ ಕಂಡ್ರೆ ಆತಿಲ್ಲ, ಎಂತ ಮಾಡುದ್?" ಎನ್ನುತ್ತಿದ್ದರಂತೆ. ಸುಳ್ಳು ಹೇಳುತ್ತಿದ್ದೇನೆಂದು ಅವರಿಗೆ ಅನಿಸಿರಲಿಕ್ಕಿಲ್ಲ. ಅವರು ನಂಬಿಯೇ ಹೇಳುತ್ತಿದ್ದರು.

ಸಂಕ್ರಾಂತಿ ಕಳೆದು ಒಂದು ಸೋಮವಾರ ಗುಲಾಬಿ ಪೂಜಾರ್ತಿ ಎಂಬವರು ಕಚೇರಿಗೆ ಬಂದರು. ಐವತ್ತು ದಾಟಿದ ಹೆಂಗಸು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಹೊಳೆಬದಿಯಲ್ಲಿ ಮೂರು ಮುಡಿ ಬೀಜ ಬಿತ್ತುವಷ್ಟು ಗದ್ದೆ, ಒಂದು ಬಾವಿ, ಎರಡು ದನ, ಇಷ್ಟೇ ಅವರ ಬದುಕು. ಅಂದು ಟೆಂಪೋದಲ್ಲಿ ಬಂದು ಧಿಕ್ಕಾರ ಕೂಗಿದವರಲ್ಲಿ ಅವರೂ ಒಬ್ಬರು. ಸೀರೆಯ ಸೆರಗಿನಲ್ಲಿ ಒಂದು ಹಿಡಿ ನೆಲಗಡಲೆ ಗಿಡ ಕಟ್ಟಿ ತಂದಿದ್ದರು. ಮೇಜಿನ ಮೇಲೆ ಇಟ್ಟರು. ಎಲೆಯ ಅಂಚೆಲ್ಲ ಸುಟ್ಟು ಕಪ್ಪಾಗಿತ್ತು.

"ಸರ್, ನಮ್ ಕಾಗ್ದಕ್ಕ್ ದಿಲ್ಲಿಂದ ಉತ್ರ ಬಂತಾ?"

ಯಾವ ಕಾಗದ ಎಂದೆ. ಅವರು ಹೇಳಿದ ತಿಂಗಳಿನ ಆವಕ ಪುಸ್ತಕ ತೆಗೆದೆ. "ಪ್ರಧಾನಿ ವಿರುದ್ಧ ಮನವಿ, ರವಾನೆ" ಎಂದಿತ್ತು, ನನ್ನದೇ ಅಕ್ಷರ. ಕಡತದಲ್ಲಿದ್ದ ಪ್ರತಿಯನ್ನು ಹುಡುಕಿ ತೆಗೆದು ಓದಿದೆ. ಈ ಸಲ ಪೂರ್ತಿ ಓದಿದೆ.

ಒಂಬತ್ತನೇ ಬೇಡಿಕೆಗೆ ಬಂದಾಗ ಕಡತ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡೆ. ಪುಣ್ಯಕ್ಕೆ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಆ ಗಿಡವನ್ನೇ ನೋಡುತ್ತಿದ್ದರು.

"ಮೊನ್ನಿಂದ ಬಾವಿ ನೀರೂ ಕುಡೂಕ್ ಆತಿಲ್ಲ ಸರ್. ದನವೂ ಮೂಸಿ ಕಂಡ್ ಬಿಡತ್ತ್. ಎಂತಕೆ ತಡ ಆಯ್ತ್? ಯಾರ್ ಹಿಡ್ಕಂಡ್ ಕೂಕಂಡಿರ್?"

ಯಾರು ಹಿಡಿದುಕೊಂಡು ಕೂತಿದ್ದಾರೆ ಎಂದು ಅವರು ಕೇಳಿದಾಗ ನನಗೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ಆಗ ನಾನು ಹೇಳಬೇಕಾದದ್ದು ಎರಡೇ ಮಾತು. ನಾನು ಓದಲಿಲ್ಲ ಅಕ್ಕ, ನನ್ನ ತಪ್ಪು. ಅಷ್ಟು ಹೇಳಲು ಬಾಯಿ ತೆರೆದೆ ಕೂಡ.

"ಮೇಲಿಂದ ಉತ್ತರ ಬರ್ಲಿಲ್ಲ ಅಕ್ಕ" ಎಂಬ ಮಾತು ಹೊರಬಂತು.

ಅವರು ಎದ್ದು ನಿಂತರು. ಹೆಸರು ಹಿಡಿದು ಪ್ರಧಾನಿಗೆ ಶಾಪ ಹಾಕಿದರು. ಗಂಟಲು ಕಟ್ಟುವವರೆಗೆ ಹಾಕಿದರು. "ನಮ್ ಹೊಟ್ಟಿ ಮೇಲ್ ಹೊಡ್ದ್ ಎಂತ ಗೂಟ ಹೊಡ್ಕಂಡ್ ಕೂತಿರ್ತನಾ ಅವ? ಅವ್ನ್ ಬಾವಿಗೂ ಉಪ್ಪ್ ನುಗ್ಗಲಿ!" ಕಚೇರಿಯಲ್ಲಿ ಎಲ್ಲರೂ ಪೆನ್ನು ಕೆಳಗಿಟ್ಟು ಕೇಳಿದರು. ಯಾರೋ ನಕ್ಕರು. ನನಗೆ ಏನನಿಸಿತು ಗೊತ್ತೇ? ಹಗುರವಾಯಿತು. ಆ ಹೆಂಗಸಿನ ಕಣ್ಣೀರಿನೆದುರು ಕೂತು ನನಗೆ ಹಗುರವಾಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರಲ್ಲ, ಇಲ್ಲಿ ಕೊತ್ತಿ ಮಾಡಿದ ತಪ್ಪಿಗೆ ಅತ್ತೆಗೆ ಬೈಗುಳ ಬೀಳುತ್ತಿತ್ತು, ಕೊತ್ತಿ ಒಲೆಯ ಬುಡದಲ್ಲಿ ಬೆಚ್ಚಗೆ ಕೂತಿತ್ತು.

ಅವರು ಹೋದ ಮೇಲೆ ಇಂಜಿನಿಯರರ ಹತ್ತಿರ ಓಡಿದೆ. "ಹಲ್ಗಿ ಇತ್ತಲ್ಲ ಮಾರಾಯ್ರೆ, ದೀಪಾವಳಿಗೆ ಮೊದ್ಲೇ ಬಂದ್ ಬಿದ್ಕಂಡಿತ್ತ್. ಯಾರೂ ಕೇಣ್ಲಿಲ್ಲ" ಎಂದರು. ಹಳೇ ತಹಶೀಲ್ದಾರರು ವರ್ಗವಾಗಿ ಹೊಸಬರು ಬಂದಿದ್ದರು. ಅವರಿಂದ ಚೀಟಿ ಬರೆಸಿ, ನಾನೇ ಲಾರಿ ಹಿಡಿಸಿ, ನಾಲ್ಕನೇ ದಿನ ಹಲಗೆ ಕಿಂಡಿಗೆ ಇಳಿಯಿತು. ನೀರು ನಿಂತಿತು. ಒಳಗೆ ಬಂದಿದ್ದ ಉಪ್ಪು ಮಾತ್ರ ಒಳಗೇ ಉಳಿಯಿತು. ಅದನ್ನು ತೊಳೆಯಲು ಮುಂದಿನ ಮಳೆಯೇ ಬರಬೇಕು.

ಇಲ್ಲಿ ಒಂದು ಮಾತು. ಸಿಟ್ಟೇ ಬೇಡವೆನ್ನುವ ಸಾಧು ನಾನಲ್ಲ. ಆಳುವವರಿಗೆ ಜನರ ಭಯ ಇರಲೇಬೇಕು, ಇಲ್ಲದಿದ್ದರೆ ತಲೆ ಮೇಲೆ ಕೂರುತ್ತಾರೆ. ಪ್ರಧಾನಿಯನ್ನು ತೂಗಿ ನೋಡಿ, ವೋಟಿನಲ್ಲಿ ಇಳಿಸುವುದು ಒಂದು ಕೆಲಸ. ನಮ್ಮವರು ಮಾಡುತ್ತಿದ್ದದ್ದು ಅದಲ್ಲ. ಇವರದ್ದು ಚಟ, ವೀಳ್ಯ ಮೆಲ್ಲುವ ಹಾಗೆ, ಬಾಯಿ ಸುಮ್ಮನಿರಲಾರದೆ. ಆರಾಧಿಸುವವರದ್ದೂ ಅದೇ ಎಲೆ ಅಡಿಕೆ, ಸುಣ್ಣ ಸ್ವಲ್ಪ ಬೇರೆ. ಗೋದಾಮಿಗೆ ಐವತ್ತು ಹೆಜ್ಜೆ ನಡೆದು ಹಲಗೆ ಎಲ್ಲಿ ಎಂದು ಇಂಜಿನಿಯರರ ಮುಖಕ್ಕೆ ಕೇಳಲು ಧೈರ್ಯ ಬೇಕು, ಯಾಕೆಂದರೆ ಅವರು ನಾಳೆ ಪೇಟೆಯಲ್ಲಿ ಸಿಗುತ್ತಾರೆ. ಪ್ರಧಾನಿ ಸಿಗುವುದಿಲ್ಲ. ನನ್ನಂಥವರಿಗೆ ಇದಕ್ಕಿಂತ ದೊಡ್ಡ ವರ ಯಾವುದಿದೆ? ಊರಿನ ಸಿಟ್ಟೆಲ್ಲ ನಮ್ಮ ತಲೆಯ ಮೇಲಿಂದ ಹಾರಿ ಉತ್ತರಕ್ಕೆ ಹೋಗುತ್ತಿತ್ತು. ಈಗಂತೂ ಮೆಟ್ಟಿಲವರೆಗೂ ಯಾರೂ ಬರುವುದಿಲ್ಲ. ಕೂತಲ್ಲೇ ಮೊಬೈಲಿನಲ್ಲಿ ಬೈದು ಮುಗಿಸುತ್ತಾರೆ, ಸೀಲೂ ಬೇಡ.

ಮಾರ್ಚಿನಲ್ಲಿ ಬೆಳೆಹಾನಿಯ ಮಹಜರಿಗೆ ಆ ಊರಿಗೆ ಹೋಗಬೇಕಾಯಿತು. ಗ್ರಾಮಕರಣಿಕರು ರಜೆ ಹಾಕಿದ್ದರು, ಆದ್ದರಿಂದ ಬರೆಯುವ ಕೆಲಸ ನನಗೆ ಬಂತು. ಪಂಚರ ಸಹಿಗೆ ಹೆರಿಯಣ್ಣ ಬಂದಿದ್ದರು. ಗುಲಾಬಿ ಪೂಜಾರ್ತಿಯವರ ಗದ್ದೆಯಲ್ಲಿ ನಿಂತೆವು. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಹೂವು ಬಿಟ್ಟಿತ್ತು. ಗಿಡಗಳನ್ನು ಕಿತ್ತು ಒಟ್ಟು ಹಾಕಿದ್ದರು, ದನ ಅದನ್ನೂ ಮುಟ್ಟಿರಲಿಲ್ಲ.

ಅವರ ಮನೆಯ ಜಗಲಿಯ ಚಿಟ್ಟೆಯ ಮೇಲೆ ಕೂತು ಮಹಜರು ಬರೆಯತೊಡಗಿದೆ. ಹಾನಿಗೆ ಕಾರಣ ಎಂಬಲ್ಲಿ ಪೆನ್ನು ನಿಂತಿತು.

"ಕೇಂದ್ರದ ನಿರ್ಲಕ್ಷ್ಯ ಅಂದೇಳಿ ಬರೀನಿ ದೇವಾಡಿಗ್ರೆ" ಎಂದು ಹೆರಿಯಣ್ಣ ಬಗ್ಗಿ ನೋಡಿದರು.

"ಮಹಜರಲ್ಲಿ ರಾಜಕೀಯ ಬರೂಕಾಗ ಹೆರಿಯಣ್ಣ."

"ಹಾಂಗಾರೆ ಎಂತ ಬರೀತ್ರಿ?"

"ಪ್ರಕೃತಿ ವಿಕೋಪ" ಎಂದು ಬರೆದೆ. ಹೊಳೆಗೆ, ಚಂದ್ರನಿಗೆ, ಸಮುದ್ರಕ್ಕೆ ಸಹಿ ಹಾಕಲು ಬರುವುದಿಲ್ಲ, ಆಕ್ಷೇಪವೂ ಇಲ್ಲ. ಹೆರಿಯಣ್ಣ ಸಹಿ ಹಾಕಿದರು. ಗುಲಾಬಿ ಪೂಜಾರ್ತಿಯವರು ಕೈ ಒರೆಸಿಕೊಂಡು ಬಂದು, ಓದದೆ, ನಿಧಾನಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ನಾನು ಓದದೆ ಹಾಕಿದ ಸಹಿಯಿಂದ ಅವರಿಗೆ ಏನಾಯಿತೆಂದು ನನಗೆ ಗೊತ್ತಿತ್ತು, ಆದರೂ ಓದಿ ಸಹಿ ಹಾಕಿ ಅಕ್ಕ ಎಂದು ಹೇಳಲಿಲ್ಲ.

ಆಮೇಲೆ ಅವರು ಕಾಫಿ ತಂದರು. ಬೇಡವೆಂದೆ. ಬಾವಿಯ ಸ್ಥಿತಿ ಗೊತ್ತಿತ್ತಲ್ಲ.

"ಹೆದ್ರಬೇಡಿ, ಕುಡೀನಿ. ನಮ್ ಬಾವಿದಲ್ಲ. ನೀವ್ ಬತ್ರಿ ಅಂದೇಳಿ ಬೆಳಿಗ್ಗೆ ಗುಡ್ಡಿ ಮೇಲಿನ ಮನಿಂದ ಒಂದ್ ಕೊಡಪಾನ ಸಿಹಿನೀರ್ ಹೊತ್ಕಂಡ್ ಬಂದೆ" ಎಂದರು. ಆ ಗುಡ್ಡವನ್ನು ಹತ್ತಿ ಇಳಿದೇ ನಾವು ಬಂದಿದ್ದೆವು, ನನಗೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು.

ಹೆರಿಯಣ್ಣನಿಗೂ ಒಂದು ಲೋಟ ಕೊಟ್ಟು, ನನ್ನೆದುರು ಬಾಗಿಲ ದಾರಂದಕ್ಕೆ ಒರಗಿ ನಿಂತರು. "ಆ ದಿಲ್ಲಿಯವ್ನಿಗ್ ನಮ್ ಮೇಲ್ ಎಂತ ಹಗಿಯೋ ಕಾಣೆ ಸರ್. ನೀವ್ ಒಬ್ರ್ ಓಡಾಡದಿದ್ರೆ ಬಪ್ಪ ವರ್ಷವೂ ಹಲ್ಗಿ ಬತ್ತಿರ್ಲಿಲ್ಲ. ನಿಮ್ಮಂತವ್ರ್ ದಿಲ್ಲಿಯಲ್ಲ್ ಇರ್ಕಿತ್ತ್."

ಹೆರಿಯಣ್ಣ ಹೌದ್ ಹೌದ್ ಎಂದು ತಲೆಯಾಡಿಸಿದರು. ಹೇಳಿಬಿಡಬೇಕೆಂದು ಲೋಟ ಕೆಳಗಿಟ್ಟೆ. ಲೋಟ ಖಾಲಿಯಾಯಿತೆಂದು ತಿಳಿದು ಅವರು ಒಳಗಿನಿಂದ ಕಾಫಿ ಪಾತ್ರೆ ತಂದರು.

"ಇನ್ನೊಂಚೂರ್ ಹಾಕ್ಲಾ?"

"ಹಾಕಿ" ಎಂದೆ.